ಹೊಸ ಕ್ರೀಡಾಂಗಣದ ಸೋಲು

ತಾಳಮದ್ದಳೆಯಲ್ಲಿ ಕರ್ಣಪರ್ವದ ಪ್ರಸಂಗವಿದ್ದ ರಾತ್ರಿ ಸಭೆ ನೆಟ್ಟಗೆ ಕುಳಿತುಕೊಳ್ಳುವುದು ಸರ್ಪಾಸ್ತ್ರ ಗುರಿ ತಪ್ಪಿದ ಮೇಲೆ. ಅಸ್ತ್ರ ತಪ್ಪುತ್ತದೆಂಬುದು ಯಾರಿಗೂ ಹೊಸತಲ್ಲ. ಆಮೇಲೆ ಶಲ್ಯನು ರಥದಿಂದ ಇಳಿದು ನಡೆಯುತ್ತಾನಲ್ಲ, ಅದಕ್ಕೆ ಆತ ಏನು ಅರ್ಥ ಹೇಳಿಯಾನು ಎಂಬುದೇ ಆ ಹೊತ್ತಿನ ಕುತೂಹಲ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಶಲ್ಯನ ಪಕ್ಷವೂ ಬಲವಾಗಿಯೇ ನಿಲ್ಲುತ್ತದೆ: ತನ್ನ ಬುದ್ಧಿವಾದವನ್ನು ಕೇಳದವನ ರಥವನ್ನು ತಾನೇಕೆ ನಡೆಸಬೇಕು? ಆದರೂ ಬೆಳಗಿನ ಜಾವ ಮನೆಗೆ ಮರಳುವಾಗ ದಾರಿಯುದ್ದಕ್ಕೂ ನಾವು ಚರ್ಚಿಸುವುದು ಕರ್ಣ ಸೋತುದನ್ನಲ್ಲ, ಶಲ್ಯ ಇಳಿದುದು ಸರಿಯೇ ಎಂಬುದನ್ನು.

ಸೋಲು ಒಂದು, ಸೋಲಿನ ನಡುವೆ ಕೈಬಿಡುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಬೇಕೆಂಬುದು ಬಹಳ ದೂರದ ಒಂದು ಸಂಗತಿಯಿಂದ ನಮಗೆ ಮತ್ತೆ ಮನದಟ್ಟಾಯಿತು. ಅಮೆರಿಕದ ಫ್ಲಾರಿಡಾ ರಾಜ್ಯದ ಮಿಯಾಮಿ ನಗರದಲ್ಲಿ 2012ರಲ್ಲಿ ನಡೆದ ಬೇಸ್‌ಬಾಲ್ ಋತುವಿನ ಕಥೆ ಅದು. ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಆ ದೇಶದಲ್ಲಿರುವುದರಿಂದ ಆಟದ ಹೆಸರು ಹಿರಿಯರ ಕಿವಿಗೂ ಬಿದ್ದಿದೆ. ಆಟದ ನಿಯಮ ತಿಳಿಯದಿದ್ದರೂ ಇಲ್ಲಿ ಬಾಧಕವಿಲ್ಲ.

ಒಂದನ್ನು ಮಾತ್ರ ತಿಳಿದಿರಬೇಕು. ಬೇಸ್‌ಬಾಲ್ ಸೋಲಿಗೆ ಒಗ್ಗಿಕೊಂಡ ಆಟ. ಏಪ್ರಿಲಿನಿಂದ ಸೆಪ್ಟೆಂಬರ್ ಕೊನೆಯ ತನಕ ಹೆಚ್ಚುಕಡಿಮೆ ದಿನಂಪ್ರತಿ ಆಡುತ್ತ ಒಂದು ತಂಡ 162 ಪಂದ್ಯಗಳನ್ನು ಮುಗಿಸುತ್ತದೆ. ಅದರಲ್ಲಿ ಅತ್ಯುತ್ತಮ ತಂಡವೂ ಅರುವತ್ತರಷ್ಟನ್ನು ಸೋಲುತ್ತದೆ. ಹತ್ತು ಸಲ ದಾಂಡು ಹಿಡಿದು ಮೂರು ಸಲ ಸರಿಯಾಗಿ ಹೊಡೆದವನನ್ನು ಅಲ್ಲಿ ಗಟ್ಟಿ ಆಟಗಾರನೆಂದು ಗೌರವಿಸುತ್ತಾರೆ. ಉಳಿದ ಏಳು ಸಲ ಆತ ಬರಿಗೈಯಲ್ಲಿ ಮರಳಿದುದನ್ನು ಯಾರೂ ಎತ್ತಿ ಆಡುವುದಿಲ್ಲ. ಇಂಥ ಆಟದಲ್ಲಿ ಸೋತುದಕ್ಕಾಗಿ ಒಂದು ತಂಡ ಊರಿನ ಕ್ಷಮೆ ಬೇಡಬೇಕೆಂದರೆ ಅದು ನ್ಯಾಯವಾಗದು.

ಮಿಯಾಮಿಯ ತಂಡದ ಹೆಸರು ಮಾರ್ಲಿನ್ಸ್. ಈಟಿಯಂಥ ಮೂತಿಯ ದೊಡ್ಡ ಕಡಲಮೀನಿನ ಹೆಸರು. 1993ರಿಂದ ಆಡುತ್ತ ಬಂದ ಈ ತಂಡ 1997ರಲ್ಲಿ ಒಮ್ಮೆ, 2003ರಲ್ಲಿ ಇನ್ನೊಮ್ಮೆ ದೇಶದ ಪ್ರಶಸ್ತಿಯನ್ನೇ ಗೆದ್ದಿತ್ತು. ಆದರೆ 1997ರ ಗೆಲುವಿನ ಬೆನ್ನಿಗೇ ಅಂದಿನ ಮಾಲಿಕ, ಖರ್ಚು ತೂಗದೆಂದು, ಗೆದ್ದ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಸಾಗಹಾಕಿದ್ದನು. ಮರುವರ್ಷ ಅದೇ ತಂಡ 108 ಪಂದ್ಯ ಸೋತಿತು. ಆಟವಾಡುವುದೂ ಸ್ವಂತ ಅಂಗಣದಲ್ಲಲ್ಲ, ಫುಟ್‌ಬಾಲಿಗೆಂದು ಕಟ್ಟಿದ ಬಯಲು ಕ್ರೀಡಾಂಗಣದಲ್ಲಿ. ಫ್ಲಾರಿಡಾದ ಬೇಸಿಗೆಯೆಂದರೆ ನಮ್ಮ ಕರಾವಳಿಯ ಸೆಕೆ ಮತ್ತು ಮಳೆ ಎರಡೂ ಒಂದೇ ಸಂಜೆ ಬಂದಂತೆ. ಜನ ಬಾರದಿರುವುದಕ್ಕೆ ಮಾಡಿನ ಕೊರತೆಯೇ ಕಾರಣ, ಮಾಡಿರುವ ಸ್ವಂತ ಅಂಗಣವೊಂದಾದರೆ ಜನ ಬಂದಾರು, ಹಣ ಬಂದೀತು, ಒಳ್ಳೆಯ ಆಟಗಾರರು ಬಂದು ನೆಲೆ ನಿಂತಾರು ಎಂಬ ಮಾತು ವರ್ಷಗಟ್ಟಲೆ ನಡೆಯಿತು.

2009ರ ಮಾರ್ಚಿನಲ್ಲಿ, ಆರ್ಥಿಕ ಕುಸಿತದ ನಡುವೆಯೇ, ಅಲ್ಲಿನ ಜಿಲ್ಲಾಡಳಿತ ಒಪ್ಪಿಗೆ ಕೊಟ್ಟಿತು. ಸುಮಾರು 63 ಕೋಟಿ ಡಾಲರಿನ ಕಟ್ಟಡ. ಅದರ ಮುಕ್ಕಾಲು ಪಾಲು ಸಾರ್ವಜನಿಕರ ಹಣ. ಹೆಚ್ಚಿನದು ಹೋಟೆಲುಗಳಲ್ಲಿ ತಂಗುವ ಪ್ರವಾಸಿಗರ ತೆರಿಗೆಯೇ ಹೊರತು ಊರವರ ಜೇಬಿನದಲ್ಲ ಎಂದು ಸಮಜಾಯಿಷಿ ಹೇಳಲಾಯಿತು. ಊರಿನ ಬೊಕ್ಕಸಕ್ಕೆ ಬಂದ ಹಣ ಯಾರ ಕೈಯಿಂದ ಬಂದರೇನು, ಅದು ಊರಿನದೇ ಎಂಬುದು ನಮ್ಮ ಅಭಿಪ್ರಾಯ. ಹಣವನ್ನು ಸಾಲಪತ್ರಗಳ ಮೂಲಕ ಎತ್ತಿದರು. ಮರುಪಾವತಿ ನಲವತ್ತು ವರ್ಷಗಳುದ್ದಕ್ಕೂ ಚಾಚಿಕೊಂಡು, ಬಡ್ಡಿ ಸೇರಿ 200 ಕೋಟಿ ಡಾಲರನ್ನೂ ಮೀರುತ್ತದೆ. ತಂಡ ಬಡವಾಗಿದೆ ಎಂಬ ಮಾತನ್ನು ನಂಬಿ ಕೊಟ್ಟದ್ದು ಇದು. 2010ರಲ್ಲಿ ತಂಡದ ಲೆಕ್ಕಪತ್ರಗಳು ಹೊರಬಿದ್ದಾಗ ಅದು ಲಾಭದಲ್ಲಿತ್ತೆಂದು ತಿಳಿಯಿತು. ಆಸ್ತಿ ತೆರಿಗೆಯ ಏರಿಕೆಯೂ ಸೇರಿ ಜನರ ಸಿಟ್ಟು ಎಷ್ಟಾಯಿತೆಂದರೆ, 2011ರ ಮಾರ್ಚಿನಲ್ಲಿ ಜಿಲ್ಲೆಯ ಮೇಯರ್ ಕಾರ್ಲೋಸ್ ಆಲ್ವಾರೆಸರನ್ನು ಮತ ಹಾಕಿಯೇ ಪದವಿಯಿಂದಿಳಿಸಿದರು. ಮತ ಹಾಕಿದವರಲ್ಲಿ ನೂರಕ್ಕೆ 88 ಮಂದಿ ಇಳಿಯಲಿ ಎಂದರು.

ಕಟ್ಟಡ ಎದ್ದ ನೆಲದ ಬಗೆಗೂ ಹೇಳಬೇಕು. ಅದು ಲಿಟ್ಲ್ ಹವಾನಾ, ಅಂದರೆ ಕ್ಯೂಬಾ ಬಿಟ್ಟು ಬಂದವರು ತಮ್ಮ ಮಾತು, ಊಟ, ಹಬ್ಬಗಳನ್ನು ಹೊತ್ತು ತಂದು ನೆಲೆಯೂರಿದ ಕೇರಿ. ಅಲ್ಲಿ 1937ರಿಂದ ಆರೆಂಜ್ ಬೌಲ್ ಎಂಬ ಹಳೆಯ ಕ್ರೀಡಾಂಗಣವಿತ್ತು. 1962ರ ಡಿಸೆಂಬರಿನಲ್ಲಿ ಅಧ್ಯಕ್ಷ ಕೆನಡಿ, ಕ್ಯೂಬಾದ ಸೆರೆಯಿಂದ ಬಿಡುಗಡೆಯಾಗಿ ಬಂದ ಹೋರಾಟಗಾರರನ್ನು ಎದುರುಗೊಂಡು ಮಾತಾಡಿದ್ದು ಅಲ್ಲಿ. 1980ರಲ್ಲಿ ದೋಣಿಗಳಲ್ಲಿ ಬಂದಿಳಿದ ನಿರಾಶ್ರಿತರಿಗೆ ತಾತ್ಕಾಲಿಕ ಆಸರೆಯಾದದ್ದೂ ಅದೇ. ಅದನ್ನು 2008ರಲ್ಲಿ ಕೆಡವಿ ಅಲ್ಲಿಯೇ ಹೊಸದನ್ನು ಕಟ್ಟಿದರು. ತಮ್ಮದಲ್ಲದ ರಾಜ್ಯದಲ್ಲಿ ತಮ್ಮ ಮಾತನ್ನು ಉಳಿಸಿಕೊಂಡು ಬಾಳುವವರಿಗೆ ಒಂದು ಕಟ್ಟಡವೆಂದರೆ ಬರಿಯ ಕಲ್ಲುಮಣ್ಣಲ್ಲ ಎಂಬುದನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2012ರ ಏಪ್ರಿಲ್ 4ರಂದು ಹೊಸ ಅಂಗಣದಲ್ಲಿ ಮೊದಲ ಪಂದ್ಯ. ಸರಿದು ಮುಚ್ಚುವ ಮಾಡು, ಗೋಡೆಯೊಳಗೆ ಮೀನಿನ ತೊಟ್ಟಿ, ಏಳು ಮಹಡಿಯಷ್ಟು ಎತ್ತರದ ಬಣ್ಣಬಣ್ಣದ ಯಂತ್ರಶಿಲ್ಪ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಮುಹಮ್ಮದ್ ಅಲಿಯನ್ನು ಕರೆತಂದು ಮೊದಲ ಚೆಂಡನ್ನು ಒಪ್ಪಿಸಿದರು. ಆ ರಾತ್ರಿ ಹಿಂದಿನ ವರ್ಷದ ಚಾಂಪಿಯನ್ನರಾದ ಸೇಂಟ್ ಲೂಯಿ ತಂಡದ ಎದುರು, ಏಳನೆಯ ಇನ್ನಿಂಗ್ಸ್ ತನಕ ಒಂದೇ ಒಂದು ಹೊಡೆತ ದಕ್ಕದೆ, 4–1ರಿಂದ ಸೋತರು. ಕೆಲವೇ ದಿನಗಳಲ್ಲಿ ಹೊಸ ತರಬೇತುದಾರ ಓಝೀ ಗೀಯೆನ್, ಪತ್ರಿಕೆಯೊಂದರ ಮುಂದೆ ಫಿಡೆಲ್ ಕ್ಯಾಸ್ಟ್ರೋನನ್ನು ಮೆಚ್ಚಿ ಆಡಿದ ಮಾತು ಹೊರಬಂತು. ಕ್ಯಾಸ್ಟ್ರೋನ ದೆಸೆಯಿಂದ ಮನೆ ಬಿಟ್ಟವರ ಕೇರಿಯಲ್ಲಿ ನಿಂತು! ಗೀಯೆನ್ ಸ್ಪ್ಯಾನಿಷ್ ಭಾಷೆಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ, ಐದು ಪಂದ್ಯಗಳ ಶಿಕ್ಷೆ ಅನುಭವಿಸಿದರು.

ಮೇ ತಿಂಗಳಲ್ಲಿ ಮಾತ್ರ ಬೆಳಕು ಹರಿಯಿತು. 29 ಪಂದ್ಯಗಳಲ್ಲಿ 21 ಗೆಲುವು. ಜಿಯಾನ್‌ಕಾರ್ಲೋ ಸ್ಟ್ಯಾಂಟನ್ ಎಂಬ ತರುಣ ಹೊಡೆದ ಚೆಂಡು ಹೋಗಿ ಹೊಸ ಅಂಕಫಲಕದ ದೀಪಗಳನ್ನೇ ಕೆಡಿಸಿತು. ಜೂನಿನಲ್ಲಿ 8 ಗೆಲುವು, 18 ಸೋಲು. ಜುಲೈಯಲ್ಲಿ ಮುಖ್ಯ ಆಟಗಾರರನ್ನು ಬೇರೆ ತಂಡಗಳಿಗೆ ಕೊಡಲು ತೊಡಗಿದರು. ಋತು ಮುಗಿದಾಗ 69 ಗೆಲುವು, 93 ಸೋಲು. ತಮ್ಮ ಗುಂಪಿನ ಐದು ತಂಡಗಳಲ್ಲಿ ಐದನೆಯ ಸ್ಥಾನ.

ಇಷ್ಟರ ತನಕ ನಡೆದದ್ದು ಬರಿಯ ಸೋಲು. ಇದರಲ್ಲಿ ನೀತಿಯ ಪ್ರಶ್ನೆಯೇನೂ ಇಲ್ಲ. ಪ್ರಶ್ನೆ ಹುಟ್ಟುವುದು ನವೆಂಬರಿನಲ್ಲಿ. ಮಾಲಿಕ ಜೆಫ್ರಿ ಲೋರಿಯಾ ಅವರ ತಂಡ, ಹಿಂದಿನ ಚಳಿಗಾಲದಲ್ಲಷ್ಟೇ ಅಬ್ಬರದಿಂದ ಕರೆತಂದ ಹೊಸೆ ರೇಯಸ್ ಮತ್ತು ಮಾರ್ಕ್ ಬ್ಯೂರ್ಲಿ, ಜೊತೆಗೆ ಹಳಬರಾದ ಜೋಶ್ ಜಾನ್ಸನ್ ಮುಂತಾದವರನ್ನು ಒಂದೇ ಏಟಿಗೆ ಟೊರಾಂಟೋಗೆ ಕೊಟ್ಟುಬಿಟ್ಟಿತು. ರೇಯಸರಿಗೆ ಆರು ವರ್ಷಗಳ, ಬ್ಯೂರ್ಲಿಯವರಿಗೆ ನಾಲ್ಕು ವರ್ಷಗಳ ಒಪ್ಪಂದವಿತ್ತು. ಮಾರುವುದಕ್ಕೆ ಕೆಲವೇ ದಿನಗಳ ಹಿಂದೆ, ಮಿಯಾಮಿಯಲ್ಲಿ ಒಂದು ಒಳ್ಳೆಯ ಮನೆ ತೆಗೆದುಕೋ ಎಂದು ಮಾಲಿಕರೇ ತನಗೆ ಹೇಳಿದ್ದರೆಂದು ರೇಯಸ್ ಆಮೇಲೆ ಪತ್ರಕರ್ತರಿಗೆ ತಿಳಿಸಿದರು. ತನಗೆ ಹಲವು ಬಾರಿ ಸುಳ್ಳು ಹೇಳಲಾಯಿತೆಂದು ಬ್ಯೂರ್ಲಿ ಹೇಳಿಕೆ ಕೊಟ್ಟರು. (ಬ್ಯೂರ್ಲಿಯವರ ನಾಯಿಯ ತಳಿಗೆ ಟೊರಾಂಟೋ ಇರುವ ಪ್ರಾಂತದಲ್ಲಿ ನಿಷೇಧವಿದ್ದುದರಿಂದ ಅವರ ಹೆಂಡತಿ ಮಕ್ಕಳು ಬೇರೆ ಊರಿನಲ್ಲಿ ಉಳಿಯಬೇಕಾಯಿತು. ಕೋಟಿಗಟ್ಟಲೆ ಸಂಬಳದವರಿಗೆ ನಾವು ಮರುಗಬೇಕಾಗಿಲ್ಲ, ಆದರೆ ಆ ನಾಯಿಗಾದರೂ ಮರುಗಬಹುದು.)

ಈಗ ಶಲ್ಯನಿಗೂ ಅರ್ಥ ಹೇಳಲು ಬಿಡಬೇಕಷ್ಟೆ. ಮಾಲಿಕರ ಪಕ್ಷ ಪೊಳ್ಳಲ್ಲ. ದುಬಾರಿ ಆಟಗಾರರನ್ನು ತಂದೂ ಕೊನೆಯ ಸ್ಥಾನವೇ ಸಿಕ್ಕಿತು. ಅದೇ ತಂಡವನ್ನು ಮತ್ತೆ ಕಣಕ್ಕಿಳಿಸಿ ಮತ್ತೆ ಸೋಲುವುದು ಯಾವ ಜಾಣತನ? ಜನ 22 ಲಕ್ಷಕ್ಕೆ ಮಿಕ್ಕಿ ಬಂದರು ನಿಜ, ಆದರೆ ಎಣಿಸಿದಷ್ಟು ಬರಲಿಲ್ಲ. ಕೊಟ್ಟವರ ಬದಲಿಗೆ ಎಳೆಯ ಆಟಗಾರರು ಬಂದಿದ್ದಾರೆ, ನಾಲ್ಕು ವರ್ಷ ಕಾದರೆ ಫಲ ಸಿಕ್ಕೀತು. 2003ರ ಪ್ರಶಸ್ತಿ ಬಂದದ್ದೂ ತನ್ನ ಕಾಲದಲ್ಲೇ ಅಲ್ಲವೇ? ವ್ಯಾಪಾರದ ಲೆಕ್ಕದಲ್ಲಿ ಇದಕ್ಕೆ ಎದುರುತ್ತರ ಸುಲಭವಲ್ಲ.

ಆದರೆ ವ್ಯಾಪಾರವೆನ್ನುವವನು ತನ್ನ ಬಂಡವಾಳವನ್ನು ಹೂಡಿರಬೇಕು. ನಮ್ಮಲ್ಲಿ ಊರವರ ವಂತಿಗೆಯಿಂದ ಸಭಾಭವನ ಕಟ್ಟಿದವರಿದ್ದಾರೆ, ವಾಚನಾಲಯ ನಡೆಸಿದವರಿದ್ದಾರೆ. ರಸೀದಿ ಪುಸ್ತಕ ಹಿಡಿದು ಬಿಸಿಲಲ್ಲಿ ಮನೆಮನೆಯ ಮೆಟ್ಟಿಲು ಹತ್ತಿದವರಿಗೆ ಗೊತ್ತಿರುವ ಒಂದು ಸತ್ಯವಿದೆ: ರಸೀದಿ ಹರಿದು ಕೊಟ್ಟ ಕ್ಷಣದಿಂದ ಬೇಸತ್ತು ಬಿಟ್ಟುಹೋಗುವ ಸ್ವಾತಂತ್ರ್ಯ ಅರ್ಧ ಕಳೆದಂತೆ. ವಾಚನಾಲಯಕ್ಕೆ ಓದುಗರು ಬಾರದಿದ್ದರೆ ಅದು ನಮ್ಮ ಅಪರಾಧವಲ್ಲ. ಬಾರದ ಮೊದಲ ವರ್ಷವೇ ಕಪಾಟು ಮಾರಿದರೆ ಅಪರಾಧ. ಮಿಯಾಮಿಯಲ್ಲಿ ಊರಿನ ಹೆಗಲಿಗೆ ಬಿದ್ದ ಸಾಲ ನಲವತ್ತು ವರ್ಷದ್ದು. ಸಾಲ ಎತ್ತಿಸಿದವರ ಸಹನೆ ಏಪ್ರಿಲಿನಿಂದ ನವೆಂಬರ್ ತನಕ ಬಾಳಿತು. ನಮಗೆ ಅನ್ಯಾಯವಾಗಿ ಕಾಣುವುದು ಈ ಎರಡು ಅವಧಿಗಳ ಅಂತರ, 93 ಎಂಬ ಸಂಖ್ಯೆಯಲ್ಲ. ಗೆದ್ದು ಕೊಡುತ್ತೇನೆಂದು ಯಾರೂ ಭಾಷೆ ಕೊಡಲಾರರು. ಸೋತರೂ ಜೊತೆಗಿರುತ್ತೇನೆಂಬ ಭಾಷೆಯನ್ನಷ್ಟೇ ಮನುಷ್ಯ ಕೊಡಬಲ್ಲ, ಉಳಿಸಿಕೊಳ್ಳಬಲ್ಲ.

ಹಾಗಾದರೆ ಪ್ರೇಕ್ಷಕರಿಗೂ ಇದೇ ಧರ್ಮವೇ? 2013ರಲ್ಲಿ ಅಂಗಣಕ್ಕೆ ಬಂದವರು 16 ಲಕ್ಷಕ್ಕೂ ಕಡಿಮೆ. ಸೋತ ತಂಡವನ್ನು ಅವರೂ ಕೈಬಿಟ್ಟಂತಾಯಿತಲ್ಲ ಎಂದು ಕೇಳಬಹುದು. ನಾವು ಹಾಗೆ ನೋಡುವುದಿಲ್ಲ. ಅವರ ಪಾಲಿನ ಕಂತು ಅವರು ಬಂದರೂ ಬಾರದಿದ್ದರೂ ಸಲ್ಲುತ್ತಲೇ ಇರುತ್ತದೆ. ಇಳಿಯಬೇಕೆಂದರೂ ಇಳಿಯಲಾಗದ ರಥದಲ್ಲಿ ಕುಳಿತವರು ಅವರು. ಮುನಿಸಿಕೊಂಡು ಒಂದು ಸಂಜೆ ಮನೆಯಲ್ಲಿ ಉಳಿದರೆ ಅದನ್ನು ದ್ರೋಹವೆನ್ನುವುದು ಹೇಗೆ? ಇತ್ತ ಮಾಲಿಕರು 2017ರಲ್ಲಿ ತಂಡವನ್ನು 120 ಕೋಟಿ ಡಾಲರಿಗೆ ಮಾರಿದರು. ಮಾರಿದರೆ ಲಾಭದಲ್ಲಿ ಊರಿಗೂ ಪಾಲು ಎಂಬ ಕರಾರಿತ್ತು. ಲಾಭವೇ ಆಗಿಲ್ಲವೆಂದು ಲೆಕ್ಕ ತೋರಿಸಿದಾಗ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ಕೆಲವೇ ದಶಲಕ್ಷ ಡಾಲರಿಗೆ ರಾಜಿಯಾಯಿತು.

ಆದರೂ ಆ ಖಾಲಿ ಕುರ್ಚಿಗಳ ನಡುವೆ ಕೆಲವರು ಬಂದು ಕುಳಿತರು. 2013ರಲ್ಲಿ ಹೊಸೆ ಫೆರ್ನಾಂಡಿಸ್ ಎಂಬ ಇಪ್ಪತ್ತರ ಹುಡುಗ ಚೆಂಡೆಸೆಯಲು ಬಂದ. ಕ್ಯೂಬಾದಿಂದ ದೋಣಿಯಲ್ಲಿ ತಪ್ಪಿಸಿಕೊಂಡು ಬಂದವನು. ದಾರಿಯಲ್ಲಿ ಕಡಲಿಗೆ ಬಿದ್ದವರನ್ನು ಉಳಿಸಲು ಹಾರಿ, ಹಿಡಿದೆತ್ತಿದ ಮೇಲೆ ಅದು ತನ್ನ ತಾಯಿಯೆಂದು ತಿಳಿದವನು. ಆತ ಎಸೆಯುವ ದಿನ ಆ ಕೇರಿಯ ಹಿರಿಯರು ಬಂದು ಕುಳಿತರೆ, ತಂಡ ಎಷ್ಟನೆಯ ಸ್ಥಾನದಲ್ಲಿದೆ ಎಂಬುದು ಅವರಿಗೆ ಮುಖ್ಯವಾಗಿದ್ದಿರಲಾರದು.

ಆ ವರ್ಷದ ಸೋಲು ಸರಿಯಾಗಿ ನೂರು. ಕೊನೆಯ ಪಂದ್ಯ ಸೆಪ್ಟೆಂಬರ್ 29ರಂದು, ಡೆಟ್ರಾಯಿಟ್ ತಂಡದೊಡನೆ. ಅಂದು ಚೆಂಡೆಸೆದವನು ಹೆಂಡರ್ಸನ್ ಆಲ್ವಾರೆಸ್, ಟೊರಾಂಟೋಗೆ ಕೊಟ್ಟವರ ಬದಲಿಗೆ ಬಂದ ಎಳೆಯರಲ್ಲಿ ಒಬ್ಬ. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಎದುರಾಳಿಗಳಿಗೆ ಒಂದು ಹೊಡೆತವನ್ನೂ ದಕ್ಕಗೊಡಲಿಲ್ಲ. ಆದರೆ ತನ್ನ ತಂಡವೂ ಒಂದು ರನ್ ಮಾಡಿರಲಿಲ್ಲ. ಮಾಡದಿದ್ದರೆ ಆ ಸಾಧನೆಗೆ ಲೆಕ್ಕವಿಲ್ಲ. ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಗೆ ಡೆಟ್ರಾಯಿಟಿನವನ ಕೈತಪ್ಪಿದ ಚೆಂಡೊಂದು ಹಿಂದಕ್ಕೆ ಉರುಳಿತು, ಸ್ಟ್ಯಾಂಟನ್ ಓಡಿ ಬಂದು ರನ್ ಮುಟ್ಟಿಸಿದ. ಆಗ ಆಲ್ವಾರೆಸ್ ತನ್ನ ಸರದಿಗಾಗಿ ದಾಂಡು ಹಿಡಿದು ಅಂಗಣದಂಚಿನಲ್ಲಿ ನಿಂತಿದ್ದ.