ಕಡಲಿನ ಮಡಿ-ಮೈಲಿಗೆ

ಮಡಿ ಎಂದರೆ ದೂರ ನಿಲ್ಲುವುದು, ಮುಟ್ಟಿಸಿಕೊಳ್ಳದಿರುವುದು. ಬೆರೆತದ್ದು ಕೆಡುತ್ತದೆ ಎಂಬ ಈ ನಂಬಿಕೆ ನಮ್ಮಲ್ಲಿ ಅಡುಗೆಮನೆಯಿಂದ ಗರ್ಭಗುಡಿಯವರೆಗೆ ಹಬ್ಬಿದೆ. ಇದು ಮನುಷ್ಯರು ಮಾಡಿಕೊಂಡ ಕಟ್ಟಳೆಯಲ್ಲ, ಸೃಷ್ಟಿಯ ನಿಯಮವೇ ಹೀಗೆ ಎನ್ನುವವರೂ ಇದ್ದಾರೆ. ಸೃಷ್ಟಿಯನ್ನೇ ಸಾಕ್ಷಿಗೆ ಕರೆಯುವುದಾದರೆ ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರವನ್ನು ಕೇಳೋಣ. ಅಲ್ಲಿ ನೈಟ್ರೇಟ್, ಫಾಸ್ಫೇಟ್ ಧಾರಾಳವಾಗಿವೆ. ಆದರೂ ಬಹುಭಾಗದಲ್ಲಿ ಪಾಚಿ ಹಸಿರಾಗಿ ಬೆಳೆಯುವುದಿಲ್ಲ. ಕೊರತೆ ಕಬ್ಬಿಣದ್ದು: ಒಂದು ಟನ್ ಮೇಲ್ನೀರಿನಲ್ಲಿ ಕರಗಿರುವುದು ಕೆಲವೇ ಮೈಕ್ರೋಗ್ರಾಂ. ಕಣ್ಣಿಗೆ ಅಷ್ಟು ನಿರ್ಮಲವಾಗಿ ಕಾಣುವ ಆ ನೀಲಿ, ಹಸಿದ ನೀರಿನ ಬಣ್ಣ.

ಮರುಭೂಮಿಯ ಧೂಳು, ಕರಗುವ ನೀರ್ಗಲ್ಲು, ತಳದ ಬಿಸಿನೀರಿನ ಬುಗ್ಗೆ ಕಡಲಿಗೆ ಕಬ್ಬಿಣ ತರುತ್ತವೆ. ಆದರೆ ಆಮ್ಲಜನಕವಿರುವ ಉಪ್ಪುನೀರಿನಲ್ಲಿ ಕಬ್ಬಿಣ ಒಂಟಿಯಾಗಿ ಬಾಳದು. ತುಕ್ಕಾಗಿ ತಳ ಸೇರುತ್ತದೆ. ಕರಗಿ ಉಳಿದದ್ದರಲ್ಲಿ ಶೇ. 99ಕ್ಕೂ ಹೆಚ್ಚು ಪಾಲು, ಬ್ಯಾಕ್ಟೀರಿಯಾ ಸ್ರವಿಸಿದ ಅಥವಾ ಸತ್ತ ಜೀವಿಗಳಿಂದ ಸೋರಿದ ಸಾವಯವ ಅಣುಗಳಿಗೆ ಅಂಟಿಕೊಂಡೇ ಇರುತ್ತದೆ. ಎಂಜಲಿನ ಆಸರೆ ಎನ್ನಿ. ಅದಕ್ಕಿಂತ ದೊಡ್ಡ ಮೈಲಿಗೆ ತಿಮಿಂಗಿಲದ್ದು. ಸಿಗಡಿಯಂಥ ಪುಟ್ಟ ಜೀವಿಯಾದ ಕ್ರಿಲ್ ತಿಂದು ಉಸಿರಾಡಲು ಮೇಲೆ ಬಂದಾಗ ಅದು ಬಿಡುವ ಮಲ ಮುಳುಗುವುದಿಲ್ಲ; ಕೆಂಪು ಮಣ್ಣು ಕದಡಿದಂತೆ ನೀರ ಮೇಲೆ ಹರಡುತ್ತದೆ. ಆ ಮಲದಲ್ಲಿ ಸುತ್ತಲಿನ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಕಬ್ಬಿಣವಿದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದರಿಂದ ಪಾಚಿ, ಪಾಚಿಯಿಂದ ಕ್ರಿಲ್, ಕ್ರಿಲ್‌ನಿಂದ ಮತ್ತೆ ತಿಮಿಂಗಿಲ. 20ನೆಯ ಶತಮಾನದಲ್ಲಿ ದಕ್ಷಿಣಾರ್ಧಗೋಳದಲ್ಲಿ ಸುಮಾರು 20 ಲಕ್ಷ ತಿಮಿಂಗಿಲಗಳನ್ನು ಕೊಂದರು. ತಿನ್ನುವ ಬಾಯಿ ಹೋದ ಮೇಲೆ ಕ್ರಿಲ್ ಉಕ್ಕಬೇಕೆಂಬುದು ಲೆಕ್ಕ, ಉಕ್ಕಲಿಲ್ಲ. ಕಡಲ ಹಿಮ ಕರಗಿದ್ದೂ ಕಾರಣವಿರಬಹುದು. ಆದರೆ ಉಣ್ಣುವವನೇ ಉಣಿಸುವವನೂ ಆಗಿದ್ದ ಎಂಬುದನ್ನು ಆ ಲೆಕ್ಕ ಮರೆತಿತ್ತು.

ಇದಕ್ಕೆ ಒಂದು ಆಕ್ಷೇಪವುಂಟು, ಹಗುರವಾದದ್ದಲ್ಲ. ಕಬ್ಬಿಣದ ಕೊರತೆಯ ಸತ್ಯ ಹೊರಬಿದ್ದದ್ದೇ ಮಡಿಯಿಂದಲ್ಲವೇ? ಹಡಗೇ ಕಬ್ಬಿಣದ್ದಾದ್ದರಿಂದ ಹಳೆಯ ಅಳತೆಗಳೆಲ್ಲ ಕೆಟ್ಟಿದ್ದವು. ಕ್ಯಾಲಿಫೋರ್ನಿಯಾದ ಸಾಗರವಿಜ್ಞಾನಿ ಜಾನ್ ಮಾರ್ಟಿನ್ ತಂಡ ಬಾಟಲಿಗಳನ್ನು ಆಮ್ಲದಲ್ಲಿ ತೊಳೆದು, ಲೋಹ ಸೋಕದಂತೆ ನೀರೆತ್ತಿ, 1988ರಲ್ಲಿ ಮೊದಲು ಈಶಾನ್ಯ ಪೆಸಿಫಿಕ್‌ನಲ್ಲಿ ಈ ಕೊರತೆಯನ್ನು ತೋರಿಸಿತು. ಒಪ್ಪಬೇಕಾದ ಮಾತು. ವೈದ್ಯ ಕೈ ತೊಳೆಯುವುದೂ ಇಂಥದೇ. ಆದರೆ ಆ ಮಡಿಗೆ ಒಂದು ಉದ್ದೇಶವಿದೆ, ಕೆಲಸ ಮುಗಿದೊಡನೆ ಅದು ಕಳಚುತ್ತದೆ. ಬಾಟಲಿ ಶುದ್ಧವಾಗಿದೆ ಎಂದು ಯಾರೂ ಅದಕ್ಕೆ ಅಡ್ಡಬೀಳುವುದಿಲ್ಲ. ಹಾಗಾದರೆ ಬೆರಕೆಯೇ ಪುಣ್ಯವೋ, ಕಬ್ಬಿಣ ಸುರಿದರೆ ಸಾಕೋ ಎಂದರೆ, ಅದೂ ಅಲ್ಲ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗನರ್ ಸಂಸ್ಥೆ ಪಾಚಿ ಹೀರುವ ಇಂಗಾಲ ತಳಕ್ಕಿಳಿದೀತೇ ಎಂದು ದಕ್ಷಿಣ ಸಾಗರದಲ್ಲಿ ಕಬ್ಬಿಣದ ಸಲ್ಫೇಟ್ ಸುರಿದು ನೋಡಿದವು. ಪಾಚಿ ಬೆಳೆಯಿತು. ಆದರೆ ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿಗೆ ಬೇಕಾದಷ್ಟು ಸಿಲಿಕಾ ಅಲ್ಲಿರಲಿಲ್ಲ. ಬೆಳೆದ ಸಣ್ಣ ಪಾಚಿಯನ್ನು ಕೋಪೆಪಾಡ್ ಎಂಬ ಪುಟ್ಟ ಜೀವಿಗಳು ಮೇಯ್ದವು, ಅವನ್ನು ಆಂಫಿಪಾಡ್ ಎಂಬ ಇನ್ನೊಂದು ಬಗೆಯ ಜೀವಿಗಳು ತಿಂದವು. ತಳಕ್ಕಿಳಿದ ಇಂಗಾಲ ಅತ್ಯಲ್ಪ.