ಮರಳಿ ಬಾಳುವುದಾದರೆ

ಬಾಳಿ ಮುಗಿಸಿದ ಬದುಕನ್ನೇ ಮೊದಲಿನಿಂದ ಬಾಳುವ ಅವಕಾಶ ದೊರೆತರೆ, ಹಿಂದಿನದರ ನೆನಪೊಂದೂ ಉಳಿಯದೆಂಬ ಕರಾರಿನ ಮೇಲೆ, ಮನುಷ್ಯನು ಒಪ್ಪಬೇಕೆ? ಈ ಗಹನವಾದ ಪ್ರಶ್ನೆಯು ನನಗೆ ಎದುರಾದುದು ಮನೆಯ ಹುಡುಗರೊಡನೆ ಕುಳಿತು ನೋಡಿದ ಒಂದು ಅಮೇರಿಕನ್ ಕಾರ್ಟೂನ್ ಧಾರಾವಾಹಿಯಲ್ಲಿ ಎಂದರೆ ಓದುಗರು ನಗಬಹುದು.

'ಫ್ಯೂಚುರಾಮ' ಎಂಬ ಆ ವೈಜ್ಞಾನಿಕ ವಿನೋದಕಥೆಯು 1999ರಲ್ಲಿ ಆರಂಭವಾಯಿತು. ಪೀಜಾ ಹಂಚುವ ಫ್ರೈ ಎಂಬ ತರುಣನು ಹೆಪ್ಪುಗಟ್ಟಿ 1000 ವರ್ಷ ಮಲಗಿ, ಮುಂದಿನ ಯುಗದಲ್ಲಿ ಎಚ್ಚತ್ತು, ಒಕ್ಕಣ್ಣಿನ ನೌಕಾನಾಯಕಿ ಲೀಲಾಳನ್ನು ಪ್ರೀತಿಸುತ್ತಾನೆ. 2013ರ ಸೆಪ್ಟೆಂಬರ್ 4ರಂದು ಪ್ರಸಾರವಾದ ಸರಣಿಯ ಕಡೆಯ ಕಂತಿನಲ್ಲಿ, ಕಾಲವನ್ನು 10 ಸೆಕೆಂಡು ಹಿಂದಕ್ಕೊಯ್ಯುವ ಗುಂಡಿಯೊಂದನ್ನು ಮುದುಕ ವಿಜ್ಞಾನಿಯೊಬ್ಬನು ನಿರ್ಮಿಸುತ್ತಾನೆ. ಅದು ಮುರಿದು ಜಗತ್ತೆಲ್ಲ ನಿಂತಲ್ಲೇ ಸ್ತಬ್ಧವಾಗುತ್ತದೆ. ಚಲಿಸಬಲ್ಲ ಫ್ರೈ ಮತ್ತು ಲೀಲಾ ಆ ನಿಶ್ಚಲ ಲೋಕದಲ್ಲಿ ಮದುವೆಯಾಗಿ, ಊರೂರು ತಿರುಗಿ, ಮುಪ್ಪಾಗುತ್ತಾರೆ. ಕೊನೆಗೆ ವಿಜ್ಞಾನಿಯು ಕಾಣಿಸಿಕೊಂಡು, ಯಂತ್ರವು ಹುಟ್ಟುವ ಮುಂಚಿನ ಗಳಿಗೆಗೆ ಎಲ್ಲರನ್ನೂ ಒಯ್ಯಬಲ್ಲೆನೆನ್ನುತ್ತಾನೆ. ಆದರೆ ಈ ದಾಂಪತ್ಯದ ನೆನಪು ಯಾರಲ್ಲಿಯೂ ಉಳಿಯಲಾರದು. ವೃದ್ಧ ದಂಪತಿಗಳು ಒಬ್ಬರನ್ನೊಬ್ಬರು ನೋಡಿ, ಮತ್ತೊಮ್ಮೆ ಬಾಳಲು ಒಪ್ಪುತ್ತಾರೆ. ಧಾರಾವಾಹಿಯು 2023ರಲ್ಲಿ ಪುನಃ ಮೊದಲಾಯಿತು. ಆದರೆ ಪ್ರಶ್ನೆಯು ಆ ಒಪ್ಪಿಗೆಯಲ್ಲಿಯೇ ನಿಂತಿದೆ.

ಹುಡುಗರು ನಕ್ಕು ಎದ್ದುಹೋದರು. ನನಗೆ ಏಳಲಾಗಲಿಲ್ಲ. ಮಿರಜದ ನಮ್ಮ ಮನೆಯಲ್ಲಿ ತಾಯಿಯವರು ಕಡೆಯ ನಾಲ್ಕು ವರ್ಷಗಳನ್ನು ನೆನಪಳಿದು ಕಳೆದರು. ನಾನು ಹತ್ತಿರ ಕುಳಿತರೆ, "ನೀವು ಯಾರ ಪೈಕಿರಿ? ಉಣ್ಣದ ಹೋಗಬ್ಯಾಡ್ರಿ" ಎನ್ನುತ್ತಿದ್ದರು. ನಮಗಾಗಿ ಸವೆಸಿದ ಬಾಳು ಅವರ ಪಾಲಿಗೆ ನಡೆದೇ ಇಲ್ಲದಂತಾಗಿತ್ತು. ಹಾಗಾದರೆ ಅದು ವ್ಯರ್ಥವೆ? ಅಲ್ಲ. ಅನ್ನವನ್ನು ಇಕ್ಕಿದವರೂ ಉಂಡವರೂ ಮರೆತರೂ, ಅಂದು ಹಿಂಗಿದ ಹಸಿವು ಹಿಂಗಿದ್ದೇ ಸರಿ. ಒಳಿತಿನ ಬೆಲೆಯು ಅದು ನಡೆದ ಗಳಿಗೆಯಲ್ಲಿಯೇ ಸಂದುಹೋಗುತ್ತದೆ. ನೆನಪು ಅದನ್ನು ಹೆಚ್ಚಿಸಲೂ ಆರದು, ತಗ್ಗಿಸಲೂ ಆರದು.

ಇಲ್ಲಿ ಒಂದು ಆಕ್ಷೇಪವುಂಟು. ಮರಳಿ ಹುಟ್ಟುವುದನ್ನು ನಮ್ಮ ಹಿರಿಯರು ಬಂಧನವೆಂದರು. ಅದನ್ನು ಕೈಯಾರೆ ಬರಮಾಡಿಕೊಳ್ಳುವುದು ಅವಿವೇಕವಲ್ಲವೆ? ಸುಖದ ಆಸೆಯಿಂದ ಒಪ್ಪುವವನು ಬಂಧಿತನೇ ಹೌದು. ದುಃಖವೂ ಜೊತೆಗೆ ಬರುವುದೆಂದು ತಿಳಿದು ಒಪ್ಪುವವನ ಮಾತು ಬೇರೆ. ಇದಕ್ಕೆ ನಿದರ್ಶನ ನೆರೆಯ ಸಾಂಗಲಿಯಲ್ಲಿಯೇ ಇದೆ. ಕರ್ನಾಟಕದಿಂದ ಬಂದ ಭಾಗವತರ ಆಟವನ್ನು ಮೆಚ್ಚಿದ ಅರಸ ಚಿಂತಾಮಣರಾವ್ ಪಟವರ್ಧನರು ಪ್ರೇರಿಸಲು, ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ಅಲ್ಲಿ ಆಡಿಸಿದರು. ಮರಾಠಿ ರಂಗಭೂಮಿಯು ತನ್ನ ವಯಸ್ಸನ್ನು ಎಣಿಸುವುದು ಆ ಪ್ರಯೋಗದಿಂದ. ರಾಮನು ಬಿಲ್ಲನ್ನು ಮುರಿಯುವನೆಂದು ನೋಡುವವರಿಗೆಲ್ಲ ಗೊತ್ತು. ಆ ಮಾಲೆಯ ಬೆನ್ನಿಗೆ ವನವಾಸ, ಅಪಹರಣ, ಅಗ್ನಿಪರೀಕ್ಷೆಗಳು ಬರುವುದೂ ಗೊತ್ತು. ಹಾಗೆಂದು ಬಿಲ್ಲು ಮುರಿಯದಿರಲೆಂದು ಹಾರೈಸಿದ ಪ್ರೇಕ್ಷಕನುಂಟೆ? ಮುಂದಿನ ಕಾಡನ್ನು ಬಲ್ಲವರೂ ಮದುವೆಗೆ ಮನಸಾರೆ ಹರಸುತ್ತಾರೆ. ಆ ದಂಪತಿಗಳ ಒಪ್ಪಿಗೆಯೂ ಇದೇ ಜಾತಿಯದು.

ಇಷ್ಟೆಲ್ಲ ವಾದಿಸಿದ ಮೇಲೆ ನನ್ನ ಸರದಿ ಬರುತ್ತದೆ. ತಾಯಿಯ ಮಡಿಲನ್ನು ಮರಳಿ ಪಡೆಯಲು ಯಾವ ಮಗನು ಒಲ್ಲೆನೆಂದಾನು? ಆ ಕಡೆಯ ನಾಲ್ಕು ವರ್ಷಗಳನ್ನೂ ಕೂಡಿಸಿ ಒಪ್ಪುವೆಯಾ ಎಂದರೆ ಮಾತ್ರ ನಾಲಗೆ ತಡೆಯುತ್ತದೆ. ಒಂದು ರಾತ್ರಿ, ಅದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದರೆಂದು, ನಾನು ಅವರನ್ನು ಗದರಿದೆ. ಅವರು ಅಂಜಿ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಬೆಳಗಾಗುವಷ್ಟರಲ್ಲಿ ಅವರು ಅದನ್ನು ಮರೆತರು. ನಾನು ಇಂದಿಗೂ ಮರೆತಿಲ್ಲ. ನೆನಪನ್ನು ಅಳಿಸಿ ನನ್ನನ್ನು ಆ ಬಾಳಿಗೆ ಮರಳಿ ಕಳಿಸಿದರೆ, ಆ ರಾತ್ರಿ ನಾನು ಮತ್ತೆ ಗದರಿಯೇ ಗದರುವೆನು.

ಒಳಿತಿಗೆ ನೆನಪಿನ ಹಂಗಿಲ್ಲ, ತಪ್ಪಿಗೆ ಉಂಟು. ನೆನಪಿಲ್ಲದೆ ಪಶ್ಚಾತ್ತಾಪವಿಲ್ಲ, ಪಶ್ಚಾತ್ತಾಪವಿಲ್ಲದೆ ತಿದ್ದಿಕೊಳ್ಳುವ ದಾರಿಯಿಲ್ಲ. ಆದುದರಿಂದ ಆ ಮುದುಕರು ಒಪ್ಪಿದುದನ್ನು ಮೆಚ್ಚಿಯೂ ನಾನು ಒಪ್ಪಲಾರೆ. ಮರಳಿ ಬಾಳುವುದಕ್ಕಿಂತ, ನೆನಪು ನೆಟ್ಟಗಿರುವಷ್ಟು ದಿನ ಮುಂದಕ್ಕೆ ಬಾಳುವುದೇ ನನ್ನ ಪಾಲಿನದು. ಮನೆಗೆ ಬಂದವರನ್ನು ಈಗ ನಾನು ಉಣ್ಣದೆ ಕಳಿಸುವುದಿಲ್ಲ.