ಗಾಡಿ ನಮ್ಮದು, ಪುಸ್ತಕ ಯಾರದು?

ನಮ್ಮ ಪರಿಚಯದ ಮಣಿಪಾಲದ ಯುವಕನೊಬ್ಬ ಕಾರ್ಕಳದಲ್ಲಿ ಹಳೆಯ ಓಮ್ನಿ ಕೊಂಡ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ರಸ್ತೆಗಿಳಿದು 2019ರಲ್ಲಿ ತಯಾರಿಕೆ ನಿಂತ ಈ ಗಾಡಿ ನಮ್ಮೂರಲ್ಲಿ ಶಾಲಾ ಮಕ್ಕಳನ್ನೂ ಮದುವೆಮನೆಯ ಪಾತ್ರೆಗಳನ್ನೂ ಹೊತ್ತಿದೆ. ಆತನ ಆಸೆ ಬೇರೆ. ಹಿಂದೆ ಒಂದು ಹಾಸಿಗೆ, ಒಂದು ನೀರಿನ ಕ್ಯಾನು. ಒಬ್ಬನೇ ಊರೂರು ಸುತ್ತಬೇಕು. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಬೇಕಾದಾಗ ಎತ್ತಿ ಇಳಿಸಬಹುದಾದ ಮಂಚ ಸಾಕೆಂದುಕೊಂಡಿದ್ದ.

ಕಾಪುವಿನ ನಮ್ಮ ಅಂಗಳದಲ್ಲಿ ಅದನ್ನು ಖಾಲಿ ಮಾಡಲು ನಾವೂ ಕೈಜೋಡಿಸಿದೆವು. ಗಾಡಿ ಬಡಗಿಯೊಬ್ಬರದು. ಅವರು ತೀರಿಕೊಂಡ ಮೇಲೆ ಮನೆಯವರು ದಲ್ಲಾಳಿಯ ಮೂಲಕ ಮಾರಿದ್ದರು. ಗರಗಸ, ಎರಡು ಉಳಿ, ಮೊಳೆಯ ಡಬ್ಬಿ, ಮೂಲೆಮೂಲೆಯಲ್ಲಿ ಮರದ ಪುಡಿ. ಸೀಟಿನಡಿ ಒಂದು ಸಣ್ಣ ಲೆಕ್ಕದ ಪುಸ್ತಕ. ಅದರಲ್ಲಿ ಅವರಿಗೆ ಬರಬೇಕಾದ ಬಾಕಿಗಳಿದ್ದವು. ಕೊನೆಯ ಪುಟದಲ್ಲಿ ಬಾಗಿಲೊಂದಕ್ಕೆ ಪಡೆದ 8 ಸಾವಿರ ಮುಂಗಡವೂ ಇತ್ತು. ಕೆಲಸ ಮುಗಿದ ಗುರುತು ಇರಲಿಲ್ಲ.

"ಗಾಡಿಗೆ ದುಡ್ಡು ಕೊಟ್ಟಿದ್ದೇನಲ್ಲ ಸರ್, ಒಳಗಿದ್ದದ್ದೂ ನನ್ನದೇ ಅಲ್ವಾ?" ಎಂದ ಯುವಕ.

ಕಾನೂನು ಹಾಗೆನ್ನುವುದಿಲ್ಲ. ಸಿಕ್ಕಿದ ವಸ್ತುವಿನ ಒಡೆಯ ಯಾರೆಂದು ತಿಳಿದಿದ್ದೂ ಅದನ್ನು ತನ್ನದಾಗಿಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಂತೆ ಅಪರಾಧ. ಬಿದ್ದು ಸಿಕ್ಕಿದ ವಸ್ತುವನ್ನು ಒಂದು ವರ್ಷ ಸಾರಿ ಹೇಳಬೇಕೆನ್ನುತ್ತದೆ ಇಸ್ಲಾಮೀ ಕರ್ಮಶಾಸ್ತ್ರ. ಇಲ್ಲಿ ಸಾರುವ ಅಗತ್ಯವೂ ಇರಲಿಲ್ಲ. ವಿಳಾಸ ಗೊತ್ತಿತ್ತು.

ಉಪಕರಣಗಳ ಮಾತು ಸುಲಭ. ಆದರೆ ಆ ಕೊನೆಯ ಪುಟ? ಅದನ್ನು ಹರಿದು ಕೊಟ್ಟರೆ ವಿಧವೆಗೆ 8 ಸಾವಿರದ ಹೊರೆ ತಪ್ಪುತ್ತದೆ. ಅದು ಕರುಣೆಯಲ್ಲವೇ? ನಮಗೂ ಒಂದು ಕ್ಷಣ ಹಾಗನಿಸಿದ್ದು ನಿಜ. ಆದರೆ ಬಾಗಿಲಿಗಾಗಿ ದುಡ್ಡು ಕೊಟ್ಟವರೂ ಬಡವರಾಗಿದ್ದರೆ? ಅವರ ಹಣದಿಂದ ನಾವು ಕರುಣೆ ತೋರಿಸುವುದು ಯಾವ ನ್ಯಾಯ? ಸತ್ತವರ ಆಸ್ತಿ ಹಂಚುವ ಮೊದಲು ಸಾಲ ತೀರಿಸಬೇಕೆಂಬ ನಿಯಮದ ಅರ್ಥವೂ ಇದೇ. ಕರುಣೆ ತೋರುವುದಿದ್ದರೆ ನಮ್ಮ ಜೇಬಿನಿಂದ ತೋರಬೇಕು.

ಪುಸ್ತಕವನ್ನು ಇಡಿಯಾಗಿ ಕಾರ್ಕಳಕ್ಕೆ ಒಯ್ದು ಕೊಟ್ಟೆವು. ಆಕೆ ಕೊನೆಯ ಪುಟ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಆ ಬಾಗಿಲಿನ ಮರ ಹಿತ್ತಿಲಲ್ಲೇ ಇದೆ. ಯಾರದ್ದೆಂದು ಗೊತ್ತಿರಲಿಲ್ಲ" ಎಂದರು. ಬಾಕಿ ಕೊಡಬೇಕಾದವರಲ್ಲಿ ಇಬ್ಬರ ಮನೆ ಮಾತ್ರ ಅವರಿಗೆ ಗೊತ್ತಿತ್ತು. ಉಳಿದವರನ್ನು ಹುಡುಕಲು ಯುವಕ ಮುಂದಿನ ಎರಡು ಭಾನುವಾರ ಅದೇ ಓಮ್ನಿಯಲ್ಲಿ ಅವರ ಮಗನನ್ನು ಕೂರಿಸಿಕೊಂಡು ತಿರುಗಿದ. ಕೆಲವರು ಕೊಟ್ಟರು, ಕೆಲವರು ನೆನಪಿಲ್ಲವೆಂದರು.

ಒಬ್ಬನೇ ಹೊರಡುವುದು ತಪ್ಪಲ್ಲ. ಏಕಾಂತ ಮನುಷ್ಯನಿಗೆ ಬೇಕು. ಆದರೆ ಗಾಡಿ ಖಾಲಿ ಮಾಡುವಾಗ ಇನ್ನೊಬ್ಬರ ಹಕ್ಕನ್ನೂ ಕಸದೊಂದಿಗೆ ಗುಡಿಸಿ ಎಸೆದರೆ, ಆ ಹಾಸಿಗೆಯಲ್ಲಿ ನಿದ್ದೆ ಹೇಗೆ ಬಂದೀತು?